ಗಾರ್ಗಿಯ ಬಲಗೈ

“ಆ ಕೈಲೆ ಬ್ಯಾಡ್ರಿ, ಸಾಹೇಬ್ರ.”

ಚಾಚಿದ್ದ ಅಂಗೈಯನ್ನು ಸಾತಲಿಂಗಪ್ಪ ಹಿಂದಕ್ಕೆ ತೆಗೆದುಕೊಂಡ. ಸೊಲ್ಲಾಪುರದ ನವಿ ಪೇಠೆಯಲ್ಲಿ ಅಜ್ಜನ ಕಾಲದಿಂದ ಅರಿವೆ ಅಂಗಡಿ ನಡೆಸಿಕೊಂಡು ಬಂದ ಮನೆತನ ಅವನದು. ಗುರುವಾರಕ್ಕೊಮ್ಮೆ ಅಕ್ಕಲಕೋಟಕ್ಕೆ ಬಂದು ಸ್ವಾಮಿಗಳ ಗುಡಿಗೆ ಹೋಗಿ, ಮರಳುವಾಗ ಬಸ್ ನಿಲ್ದಾಣದ ಎದುರಿನ ಈ ಡಬ್ಬಿ ಅಂಗಡಿಯ ಮುಂದೆ ನಿಲ್ಲುವುದು ಅವನ ರೂಢಿ. ನಿಲ್ಲುತ್ತಿದ್ದ, ತೂಗುಬಿಟ್ಟ ಲಾಟರಿ ಚೀಟಿಗಳ ನಂಬರುಗಳನ್ನು ಓದುತ್ತಿದ್ದ, ನಿಟ್ಟುಸಿರಿಟ್ಟು ಹೋಗುತ್ತಿದ್ದ. ಇಂದು ದುಡ್ಡು ತೆಗೆದಿದ್ದ. ಆದರೆ ಕಿಂಡಿಯೊಳಗಿನಿಂದ ಚೀಟಿ ಹಿಡಿದು ಬಂದದ್ದು ಎಡಗೈ ಎಂದು ಕಂಡೊಡನೆ ದುಡ್ಡು ಮತ್ತೆ ಕಿಸೆ ಸೇರಿತು.

“ತಪ್ಪ ತಿಳ್ಕೋಬ್ಯಾಡ್ರಿ ಮತ್ತ. ನೀವು ಫೌಜಿನ್ಯಾಗ ಇದ್ದವರು, ದೇಶದ ಸಲುವಾಗಿ ಕೈ ಕಳಕೊಂಡವರು. ಅನ್ರಿ, ಈಗಿಂದೀಗ ನಿಮ್ಮ ಕಾಲ ಮುಟ್ಟತೀನಿ. ಖರೆ, ಲಕ್ಷ್ಮೀನ ಎಡಗೈಲೆ ಇಸಗೊಂಡ್ರ ಆಕಿ ನಿಂದರತಾಳೇನ್ರಿ?”

“ಹಂಗಾರ ನೀವ ಹರಕೊಳ್ರಿ,” ಎಂದು ಅಂಗಡಿಯ ಪಂಢರಿನಾಥ ಚೀಟಿಯ ಕಟ್ಟನ್ನು ಕಿಂಡಿಯ ಹಲಗೆಯ ಮೇಲಿಟ್ಟ.

“ನನ್ನ ಕೈಲೆ ಹರಕೊಂಡು ಹತ್ತ ವರ್ಷ ಆತ್ರಿ. ಅದರ ಗುಣಾ ನನಗ ಗೊತ್ತೈತಿ.” ಸಾತಲಿಂಗಪ್ಪ ನಕ್ಕ. ಆಮೇಲೆ ಅಂಗಡಿಯ ಮೂಲೆಯಲ್ಲಿ, ಫೌಜಿನ ಕರಿಯ ಟ್ರಂಕಿನ ಮೇಲೆ ಕುಳಿತು ಚುನಮುರಿ ತಿನ್ನುತ್ತಿದ್ದ ಮಗುವನ್ನು ಬಾಗಿ ನೋಡಿದ. “ಯಾರ್ರಿ ಈಕಿ, ಮಗಳೇನು? ಆ ಕೂಸಿನ ಕೈಲೆ ಕೊಡಸ್ರಲ್ಲ. ಕೂಸಿಗೆ ಎಲ್ಲೀ ಆಸಿ, ಎಲ್ಲೀ ಮೋಸ? ದೇವರ ಕೈ ಇದ್ದಂಗ ಅದು.”

ನಾಲ್ಕು ವರ್ಷದ ಗಾರ್ಗಿ ಅಂಗೈಗೆ ಅಂಟಿದ್ದ ಚುನಮುರಿಯನ್ನು ಅಂಗಿಗೆ ಒರೆಸಿಕೊಂಡು ಎದ್ದು ಬಂದಳು. ತಂದೆಯ ಮುಖ ನೋಡಿದಳು. ಅವನು ತಲೆಯಾಡಿಸಿದ. ಕಟ್ಟಿನ ನಡುವಿನಿಂದ ಒಂದು ಚೀಟಿಯನ್ನು ಎಳೆದು ಹರಿದು, ಅಜ್ಜಿ ಪ್ರಸಾದ ಕೊಡಲು ಕಲಿಸಿದ ರೀತಿಯಲ್ಲಿಯೇ, ಬಲಗೈಯ ಮೊಣಕೈಗೆ ಎಡಗೈ ಮುಟ್ಟಿಸಿ, ಕಿಂಡಿಯಾಚೆಗೆ ಚಾಚಿದಳು. ಸಾತಲಿಂಗಪ್ಪ ಎರಡೂ ಕೈಯೊಡ್ಡಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ.

ಮುಂದಿನ ಗುರುವಾರ ಅವನು ಪೇಢೆಯ ಪೊಟ್ಟಣವನ್ನೂ, ಮಗುವಿಗೊಂದು ಹೂವಿನ ಚಿತ್ತಾರದ ಅಂಗಿಯ ಅರಿವೆಯನ್ನೂ ಹಿಡಿದು ಬಂದ. ಐದು ಸಾವಿರ ರೂಪಾಯಿ ಹತ್ತಿತ್ತು.

ಅದು ತೊಂಬತ್ತೈದನೆಯ ಇಸವಿಯ ಶ್ರಾವಣ. ಅದಕ್ಕೆ ಎಂಟು ವರ್ಷಗಳ ಹಿಂದೆ ಪಂಢರಿನಾಥ ಕುಲಕರ್ಣಿ ಸಿಗ್ನಲ್ ವಿಭಾಗದ ಹವಾಲ್ದಾರನಾಗಿ ಲಂಕೆಗೆ ಹೋಗಿದ್ದ. ಅಲ್ಲಿ, ತೆಂಗಿನ ತೋಟವೊಂದರ ಬೇಲಿಯ ತಡಿಕೆಯನ್ನು ಬಲಗೈಯಿಂದ ಸರಿಸಿದ್ದ. ತಡಿಕೆಗೆ ಕಟ್ಟಿದ್ದ ಸ್ಫೋಟಕದ ತಂತಿ ಕಣ್ಣಿಗೆ ಬಿದ್ದಿರಲಿಲ್ಲ. ಮೊಣಕೈಯಿಂದ ಕೆಳಗಿನದೆಲ್ಲ ಆ ತೋಟದಲ್ಲಿಯೇ ಉಳಿಯಿತು. ಬರುತ್ತಿದ್ದ ಪೆನ್ಶನ್ನು ಮನೆಬಾಡಿಗೆಗೂ ತಾಯಿಯ ಔಷಧಕ್ಕೂ ಸರಿಹೋಗುತ್ತಿತ್ತು. ಆರು ವರ್ಷ ಅರ್ಜಿ ಹಿಡಿದು ಅಲೆದ ಮೇಲೆ, ರಾಜ್ಯ ಲಾಟರಿಯ ಆದಾಯದಿಂದ ಮಾಜಿ ಸೈನಿಕರಿಗೆಂದು ಮಾಡಿದ್ದ ಯೋಜನೆಯೊಂದರಲ್ಲಿ ಅವನಿಗೆ ಈ ಡಬ್ಬಿ ಅಂಗಡಿ ಸಿಕ್ಕಿತು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿದ್ದ ಆ ಯೋಜನೆಯ ಕಚೇರಿಯವರು ಅರ್ಜಿಯ ನಮೂನೆಯಲ್ಲಿ ಎಲ್ಲವನ್ನೂ ಕೇಳಿದ್ದರು: ನಿಲ್ಲಬಲ್ಲಿರಾ, ಕಣ್ಣು ಕಾಣುವುದೇ, ಅಂಕಿ ಓದಬಲ್ಲಿರಾ. ಉಳಿದಿರುವುದು ಯಾವ ಕೈ ಎಂದು ಕೇಳುವ ಅಂಕಣ ಮಾತ್ರ ಅದರಲ್ಲಿರಲಿಲ್ಲ.

ಆ ಪ್ರಶ್ನೆಯನ್ನು ಪಂಢರಿನಾಥ ಅದಕ್ಕೂ ಮೊದಲು ಒಮ್ಮೆ ಎದುರಿಸಿದ್ದ. ಅವನ ತಂದೆ ವೇದಪಾಠ ಹೇಳಿ ಬದುಕಿದವರು. ಅವರು ತೀರಿಕೊಂಡ ವರ್ಷ, ತರ್ಪಣ ಬಿಡುವ ಹೊತ್ತಿಗೆ ಪುರೋಹಿತರ ಮಂತ್ರ ನಡುವೆಯೇ ನಿಂತುಹೋಗಿತ್ತು. ಪಿತೃಗಳಿಗೆ ಎಳ್ಳುನೀರು ಇಳಿಯಬೇಕಾದದ್ದು ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ. ಆ ತೀರ್ಥಸ್ಥಾನವೇ ಇವನ ದೇಹದಲ್ಲಿರಲಿಲ್ಲ. ಪುರೋಹಿತರು ಪುಸ್ತಕದ ಹಾಳೆ ತಿರುವಿ ನೋಡಿದರು. ಕೊನೆಗೆ, “ಅಶಕ್ತನಿಗೆ ಶಾಸ್ತ್ರ ಯಾವಾಗಲೂ ಒಂದು ಬಾಗಿಲು ತೆರೆದಿಟ್ಟಿರತದ, ಎಡಗೈಲೇನ ಬಿಡು ಪಂಢರಿ, ನಿಮ್ಮಪ್ಪ ಇಸಗೋತಾರ,” ಎಂದರು. ಪಿತೃಗಳು ಒಪ್ಪಿಕೊಂಡ ಆ ಕೈಯನ್ನು ಬಸ್ ನಿಲ್ದಾಣದ ಗಿರಾಕಿಗಳು ಒಪ್ಪಿಕೊಳ್ಳಲಿಲ್ಲ. ಮೊದಲ ಏಳು ತಿಂಗಳಲ್ಲಿ ಮಾರಾಟವಾದದ್ದಕ್ಕಿಂತ ಹಿಂದಕ್ಕೆ ಕಳಿಸಿದ ಚೀಟಿಗಳೇ ಹೆಚ್ಚು. ಮಾರ್ಚ್ ಮುಗಿಯುವುದರೊಳಗೆ ನೇಮಿಸಿದಷ್ಟು ಮಾರದವನ ಪರವಾನಿಗೆ, ಸರದಿಯಲ್ಲಿ ಕಾದು ಕುಳಿತ ಮತ್ತೊಬ್ಬ ಸೈನಿಕನಿಗೆ ಹೋಗುವುದು ಯೋಜನೆಯ ನಿಯಮವಾಗಿತ್ತು.

ಸಾತಲಿಂಗಪ್ಪನಿಗೆ ಹತ್ತಿದ ಐದು ಸಾವಿರದ ಸುದ್ದಿ ಪೇಠೆಯಿಂದ ಪೇಠೆಗೆ ಹೋಯಿತು. ಗಾರ್ಗಿ ಬೆಳಿಗ್ಗೆ ಎಂಟಕ್ಕೆ ಟ್ರಂಕಿನ ಮೇಲೆ ಕುಳಿತರೆ ಸಂಜೆಯ ತನಕ ಅಲ್ಲಿಯೇ. ಗುರುವಾರಗಳಂದು ಕಿಂಡಿಯ ಮುಂದೆ ಜನ ಸಾಲು ನಿಲ್ಲತೊಡಗಿದರು. ಕೆಲವರು ಸ್ವಾಮಿಗಳ ಗುಡಿಯ ಅಂಗಾರದ ಬೂದಿ ತಂದು ಮಗುವಿನ ಹಣೆಗೆ ಹಚ್ಚಿದ ಮೇಲೆಯೇ ಚೀಟಿ ತೆಗೆಸುತ್ತಿದ್ದರು.

“ಊರ ಕೂಸುಗೋಳಿಗೆ ನಾ ಹಾಡು ಕಲಸಬೇಕು, ನನ್ನ ಕೂಸು ಕಿಂಡ್ಯಾಗ ಕೂತು ಚೀಟಿ ಹರೀಬೇಕು. ಭಾಳ ಚಲೋ ಆತು,” ಎಂದಳು ಶ್ರೀಲೇಖಾ. ಪಂಢರಿನಾಥನ ಹೆಂಡತಿಯಾದ ಆಕೆ ಮಾರುತಿ ಗುಡಿಯ ಪಡಸಾಲೆಯಲ್ಲಿ ಬಾಲವಾಡಿ ನಡೆಸುತ್ತಿದ್ದಳು.

“ಮಾರ್ಚ್ ತನಕಾ ಅಷ್ಟ.”

“ನಿಮ್ಮ ಚೀಟೀ ಹಿಂದ ಏನ ಬರದಾರ, ಒಮ್ಮೆರ ಓದೀರೇನ್ರಿ?”

ಅವನು ಓದಿದ್ದ. ಪ್ರತಿ ಚೀಟಿಯ ಬೆನ್ನಿಗೂ ಸಣ್ಣ ಮರಾಠಿ ಅಕ್ಷರಗಳಲ್ಲಿ, ಇದರ ಆದಾಯವು ಮಾಜಿ ಸೈನಿಕರ ಕಲ್ಯಾಣಕ್ಕೂ ಬಾಲವಾಡಿಗಳ ಏಳಿಗೆಗೂ ವಿನಿಯೋಗವಾಗುವುದೆಂದು ಅಚ್ಚಾಗಿತ್ತು. ಸೈನಿಕನೂ ಬಾಲವಾಡಿಯೂ ಒಂದೇ ಮನೆಯಲ್ಲಿದ್ದವು. ಸೈನಿಕನಿಗೆ ಅಂಗಡಿ ಬಂದಿತ್ತು; ಬಾಲವಾಡಿ ನಡೆಸುವವಳಿಗೆ ಬರಬೇಕಾದ ತಿಂಗಳ ಮಾನಧನ ಮಾತ್ರ ಆರು ತಿಂಗಳಿಂದ ಬಂದಿರಲಿಲ್ಲ. ಕೇಳಲು ಹೋದರೆ, ಚೀಟಿ ಸಾಕಷ್ಟು ಹೋಗುತ್ತಿಲ್ಲ ಬಾಯಿಯವರೇ, ನಿಧಿಯಲ್ಲಿ ಏನೂ ಉಳಿದಿಲ್ಲ ಎಂದು ಕಚೇರಿಯವರು ಮರ್ಯಾದೆಯಿಂದಲೇ ಹೇಳಿ ಕಳಿಸುತ್ತಿದ್ದರು.

“ಇಬ್ಬರೂ ಸುಮ್ಮನಾಗ್ರಿ,” ಎಂದಳು ಗೋದೂಬಾಯಿ, ಹೂಬತ್ತಿ ಹೊಸೆಯುವುದನ್ನು ನಿಲ್ಲಿಸದೆ. ಮಗ ಅಂಗಡಿ ಹಾಕಿದ ದಿನದಿಂದ ಆಕೆ ದೇವರ ನೈವೇದ್ಯದ ಬೆಲ್ಲವನ್ನು ಬತ್ತಿ ಮಾರಿದ ಪೈಸೆಯಿಂದಲೇ ತರುತ್ತಿದ್ದಳು. “ಜೂಜಿಂದು ನಾವು ಉಣ್ಣಬಹುದು, ನಮಗ ಹೊಟ್ಟಿ ಅದ. ದೇವರಿಗೇನು ಹಂತಾ ಹೊಟ್ಟಿ ಇಲ್ಲ. ಆದ್ರ ಪಂಢರಿ, ಆ ಕೂಸಿಗೆ ಬಲಗೈಲೆ ಕೊಡೂದು ಕಲಿಸಿದಾಕಿ ನಾನು. ಇದರ ಸಲುವಾಗಿ ಕಲಿಸಿದ್ದಿಲ್ಲ.”

ಕಲ್ಲಣ್ಣ ಮೊದಲು ಬಂದದ್ದು ದಸರೆಯ ಹೊತ್ತಿಗೆ. ಸೊಲ್ಲಾಪುರದ ಗಿರಣಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಮಗ್ಗದ ಮುಂದೆ ನಿಂತವನು. ಗಿರಣಿಯ ಬಾಗಿಲು ಮುಚ್ಚಿದಾಗ ಬಾಕಿಯೆಲ್ಲ ಸೇರಿ ಒಂದು ಗಂಟು ಕೈಗೆ ಬಂದಿತ್ತು. ಹೆಂಡತಿ ಕಲ್ಯಾಣಮ್ಮ ಬೀಡಿ ಕಟ್ಟಿ ಮನೆ ನಡೆಸುತ್ತಿದ್ದಳು. ಆ ಗಂಟನ್ನು ಮುಟ್ಟಬಾರದೆಂಬುದು ಆಕೆಯ ಹಟ. ಮಗುವಿನ ಕೈಯ ಮೊದಲ ಚೀಟಿಗೇ ಅವನಿಗೆ ಐನೂರು ಹತ್ತಿತು. ಅಂದಿನಿಂದ ಗುರುವಾರ ತಪ್ಪಲಿಲ್ಲ. ಬರುವಾಗಲೆಲ್ಲ ಮಗುವಿಗೊಂದು ಪೇರಲಹಣ್ಣು ತರುತ್ತಿದ್ದ, “ಲಕ್ಷ್ಮವ್ವಾ” ಎಂದು ಕರೆಯುತ್ತಿದ್ದ, ಐನೂರರ ಆಸೆಗೆ ಗಂಟಿನಿಂದ ಒಂದೊಂದೇ ನೋಟು ಬಿಡಿಸುತ್ತಿದ್ದ. ಮತ್ತೆ ಹತ್ತಲಿಲ್ಲ.

“ಸಾಕು ಮಾಡೋ ಕಲ್ಲಣ್ಣಾ,” ಎಂದು ಪಂಢರಿನಾಥ ಒಂದೆರಡು ಸಲ ಹೇಳಿದ್ದುಂಟು.

“ನೀವ ಹಿಂಗ ಅಂದ್ರ ಹ್ಯಾಂಗ್ರಿ? ಅಂಗಡಿಕಾರ ಮಾಲ ಬ್ಯಾಡ ಅನ್ನೂದು ಇಲ್ಲೇ ನೋಡಿದೆ ನಾ,” ಎಂದು ಅವನು ನಗುತ್ತಿದ್ದ. ಪಂಢರಿನಾಥನೂ ನಗುತ್ತಿದ್ದ. ಹೇಳಬೇಕಾದದ್ದನ್ನು ಹೇಳಿಯಾಯಿತೆಂಬ ಸಮಾಧಾನ ಆ ನಗೆಯಲ್ಲಿತ್ತು.

ಸಂಕ್ರಾಂತಿಯ ಬಂಪರ್ ಚೀಟಿಗಳು ಬಂದವು, ಒಂದೊಂದಕ್ಕೆ ಐವತ್ತು ರೂಪಾಯಿ. ವರ್ಷದ ಲೆಕ್ಕ ಕೂಡುವುದೂ ಮುರಿಯುವುದೂ ಬಂಪರಿನಲ್ಲಿಯೇ. ಮಾರಲು ಮೂರೇ ದಿನ ಉಳಿದಿದ್ದಾಗ ಗಾರ್ಗಿಗೆ ಜ್ವರ ಬಂತು. ಟ್ರಂಕು ಖಾಲಿಯಿರುವುದನ್ನು ಕಂಡ ಗಿರಾಕಿಗಳು, “ನಾಳಿಗೆ ಬರತೀವಿ ಬಿಡ್ರಿ,” ಎಂದು ಹೋದರು. ನಾಳೆಯೂ ಟ್ರಂಕು ಖಾಲಿಯೇ. ಮೂರನೆಯ ದಿನ ಮಧ್ಯಾಹ್ನ ಇಪ್ಪತ್ತೆರಡು ಚೀಟಿ ಉಳಿದಿದ್ದವು. ನಾಲ್ಕು ಗಂಟೆಯ ಸೊಲ್ಲಾಪುರದ ಬಸ್ಸಿಗೆ ಉಳಿದದ್ದನ್ನು ಕಳಿಸಬೇಕು. ಅವನು ಅವುಗಳಿಗೆ ರಬ್ಬರು ಸುತ್ತುತ್ತಿದ್ದಾಗ ಕಲ್ಲಣ್ಣ ಓಡುತ್ತ ಬಂದ.

“ಎಲ್ಲಾ ತಗೋತೀನ್ರಿ ಸಾಹೇಬ್ರ. ಗಂಟಿನ್ಯಾಗಿಂದು ಇಷ್ಟ ಉಳದೈತಿ. ಇವತ್ತ ಆದ್ರ ಆತು, ಇಲ್ಲಾಂದ್ರ ಇಲ್ಲ.” ಆಮೇಲೆ ಟ್ರಂಕನ್ನು ನೋಡಿದ. “ಲಕ್ಷ್ಮವ್ವ ಎಲ್ಲಿ?”

“ಜ್ವರ ಬಂದಾವ. ಮನ್ಯಾಗ ಮಲಗ್ಯಾಳ.”

ಕಲ್ಲಣ್ಣನ ಮುಖ ಕುಸಿಯಿತು. ನೋಟುಗಳ ಮೇಲೆ ಅವನ ಬೆರಳು ಬಿಗಿಯಾದುದನ್ನು ಪಂಢರಿನಾಥ ನೋಡಿದ. “ಎಬ್ಬಸೂದು ಬ್ಯಾಡ್ರಿ,” ಎಂದ ಕಲ್ಲಣ್ಣ ಮೆಲ್ಲಗೆ. “ಮಲಗಲಿ ಪಾಪ. ಕೈ ಅಷ್ಟ ಮುಟ್ಟಸ್ರಿ. ಕೈ ಮುಟ್ಟಿದ್ರ ಸಾಕು ನನಗ.”

ಮನೆ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿಯೇ ಇತ್ತು. ಶ್ರೀಲೇಖಾ ಬಾಲವಾಡಿಗೆ ಹೋಗಿದ್ದಳು. ಗೋದೂಬಾಯಿ ಮೊಮ್ಮಗಳ ಹಣೆಯ ಮೇಲೆ ಒದ್ದೆಯ ಅರಿವೆ ಹಾಕುತ್ತ ಕುಳಿತಿದ್ದಳು. ಮಗು ಗೋಡೆಯತ್ತ ಮುಖ ಮಾಡಿ, ಒಂದು ಮಗ್ಗುಲಾಗಿ, ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಮಲಗಿತ್ತು. ಕಲ್ಲಣ್ಣ ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿಯೇ ಕೈಮುಗಿದು ನಿಂತ. ಪಂಢರಿನಾಥ ಮಂಡಿಯೂರಿ, ಇಪ್ಪತ್ತೆರಡು ಚೀಟಿಗಳನ್ನು ಚಾಪೆಯ ಮೇಲೆ ಹರವಿದ. ಮಗುವಿನ ಕೈಯನ್ನು ತನ್ನ ಕೈಯಿಂದ ಎತ್ತಿದ. ಕಾದ ಹೆಂಚಿನಂತೆ ಬಿಸಿಯಾಗಿತ್ತು. ಎತ್ತಿದೊಡನೆ ಮಗು ನಿದ್ದೆಯಲ್ಲಿಯೇ ನರಳಿ ಮುಷ್ಟಿ ಬಿಗಿಯಿತು. ಅವನು ಹೆಬ್ಬೆರಳಿನಿಂದ ಆ ಮುಷ್ಟಿಯನ್ನು ಬಿಡಿಸಿದ.

“ಒಂದೊಂದಕ್ಕೂ ಮುಟ್ಟಸ್ರಿ ಸಾಹೇಬ್ರ,” ಎಂದಿತು ಹೊಸ್ತಿಲಿನ ದನಿ.

ಒಂದೊಂದಕ್ಕೂ ಮುಟ್ಟಿಸಿದ. ಇಪ್ಪತ್ತೆರಡು ಸಲ. ಗೋದೂಬಾಯಿ ಬಾಯಿ ತೆರೆದಳು. ಮಗನ ಮುಖ ನೋಡಿ ಮುಚ್ಚಿಕೊಂಡಳು. ಕಲ್ಲಣ್ಣ ಚೀಟಿಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು, ಹೊಸ್ತಿಲಿಗೆ ಹಣೆ ಮುಟ್ಟಿಸಿ ಹೋದ.

“ಪಂಢರಿ.”

“ಏನವ್ವಾ?”

“ಅದು ಎಡಗೈ ಇತ್ತೋ.”

ಅವನು ತಿರುಗಿ ನೋಡಿದ. ಮಗುವಿನ ಬಲಗೈ ಕೆನ್ನೆಯ ಕೆಳಗೆ, ದಿಂಬಿಗೂ ಮುಖಕ್ಕೂ ನಡುವೆ ಸಿಕ್ಕಿಕೊಂಡಿತ್ತು. ತನ್ನ ಎಡಗೈಗೆ ಹತ್ತಿರ ಸಿಕ್ಕಿದ್ದು, ಮೇಲಿದ್ದ ಆ ಎಡಗೈ. ಅವನು ಅದನ್ನೇ ಎತ್ತಿದ್ದ.

ನಿಲ್ದಾಣಕ್ಕೆ ಬಂದಾಗ ಬಸ್ಸು ಇನ್ನೂ ನಿಂತಿತ್ತು. ಹಿಂದಿನಿಂದ ಮೂರನೆಯ ಕಿಟಕಿಯಲ್ಲಿ ಕಲ್ಲಣ್ಣ ಟವೆಲ್ಲಿನ ಗಂಟನ್ನು ಕಣ್ಣಿಗೊತ್ತಿಕೊಂಡು ಕುಳಿತಿದ್ದ. ಕಂಡಕ್ಟರ್ ಚಹ ಮುಗಿಸಿ, ಕಪ್‌ಬಸಿಯನ್ನು ಹೋಟೆಲ್ಲಿನ ಹಲಗೆಯ ಮೇಲಿಟ್ಟು, ಬಾಯಿ ಒರೆಸಿಕೊಂಡು ಬಂದು ಗಂಟೆ ಬಾರಿಸಿದ. ಕೂಗಿ ಕರೆಯಲು, ಓಡಿ ಹೋಗಿ ಕಿಟಕಿಯ ಸರಳು ಹಿಡಿಯಲು ಬೇಕಾದಷ್ಟು ಹೊತ್ತಿತ್ತು. ಪಂಢರಿನಾಥ ಕಿಸೆಯೊಳಗಿನ ನೋಟುಗಳ ಮೇಲೆ ಕೈಯಿಟ್ಟುಕೊಂಡು ಬಸ್ಸು ತಿರುವು ದಾಟುವ ತನಕ ನಿಂತಿದ್ದ.

ಮೂರನೆಯ ದಿನ ಪತ್ರಿಕೆಯಲ್ಲಿ ಫಲ ಬಂತು. ಆ ಇಪ್ಪತ್ತೆರಡು ನಂಬರುಗಳನ್ನು ಅವನು ಬರೆದಿಟ್ಟುಕೊಂಡಿದ್ದ. ಕೊನೆಯ ಮೂರು ಅಂಕಿ ಕೂಡಿದರೆ ಕೊಡುವ ನೂರು ರೂಪಾಯಿಯೂ ಯಾವುದಕ್ಕೂ ಇರಲಿಲ್ಲ.

ಗಾರ್ಗಿಯ ಜ್ವರ ಇಳಿಯಿತು; ಅವಳು ಮತ್ತೆ ಟ್ರಂಕಿನ ಮೇಲೆ ಬಂದು ಕುಳಿತಳು. ಸಂಕ್ರಾಂತಿಯಿಂದೀಚೆಗೆ ಅವಳ ಕೈಯ ಚೀಟಿ ಯಾರಿಗೂ ಹತ್ತಿರಲಿಲ್ಲ. ಸಾಲು ತೆಳುವಾಗುತ್ತ ಬಂತು. ಹೋಳಿಯ ಬಂಪರಿನಲ್ಲಿ ಉಳಿದ ಮೂವತ್ತು ಚೀಟಿ ಹೋದರೆ ವರ್ಷದ ಲೆಕ್ಕ ಮುಟ್ಟುತ್ತಿತ್ತು, ಅಂಗಡಿ ಉಳಿಯುತ್ತಿತ್ತು. ಹೋಗದಿದ್ದರೆ ಬೀಗದಕೈ ತಂದೊಪ್ಪಿಸಬೇಕೆಂದು ವಿಜಾಪುರ ರಸ್ತೆಯ ಕಚೇರಿಯಿಂದ ಕಾಗದ ಬಂದಿತ್ತು. ಆ ಕಾಗದವನ್ನು ಅವನು ಹೆಂಡತಿಗೆ ತೋರಿಸಿದ. ಆಕೆ ಎರಡು ಸಲ ಓದಿ, “ಹಾಲಿನವಗ ನಾಳಿಂದ ಬ್ಯಾಡ ಅಂತೀನಿ,” ಎಂದಳು, ಅಷ್ಟೇ.

ಕಲ್ಲಣ್ಣ ಐದು ಗುರುವಾರ ಕಾಣಲಿಲ್ಲ. ಆರನೆಯದರಂದು ಬಂದ. ಗಡ್ಡ ಬೆಳೆದಿತ್ತು. ಅವನ ಕೈಯಲ್ಲಿ ಪೇರಲಹಣ್ಣು ಇರಲಿಲ್ಲ. ಕಿಂಡಿಯ ಮುಂದೆ ಸಾತಲಿಂಗಪ್ಪ ನಿಂತಿದ್ದ; ಅವನನ್ನು ದಾಟಿ ಬಂದು, ಹಲಗೆಯ ಮೇಲೆ ಒಂದು ಅರಿವೆಯ ಗಂಟು ಬಿಚ್ಚಿದ. ಒಳಗಿದ್ದುದು ಸಣ್ಣ ಬಂಗಾರದ ಗುಂಡುಗಳನ್ನು ಪೋಣಿಸಿದ ಬೋರಮಾಳ ಸರ.

“ಎಷ್ಟ ಚೀಟಿ ಉಳದಾವ್ರಿ?”

“ಮೂವತ್ತು,” ಎಂದ ಪಂಢರಿನಾಥ.

“ಇದನ್ನ ಪ್ಯಾಟ್ಯಾಗ ಒತ್ತಿ ಇಟ್ಟು ಈಗ ಬರತೀನಿ. ಮೂವತ್ತೂ ನನಗ.”

“ಹೆಂಡತಿಗೆ ಗೊತ್ತೈತೇನೋ ಇದು?” ಎಂದು ಸಾತಲಿಂಗಪ್ಪ ಕೇಳಿದ.

“ಬೀಡಿ ಹಾಕಿ ಬರಾಕ ಹೋಗ್ಯಾಳ್ರಿ. ಆಕಿಗೆ ಗೊತ್ತಾಗೂದ್ರಾಗ ಬಂಪರ್ ಹತ್ತಿದ್ರ ಎರಡ ಮಾಡಿಸಿ ಹಾಕತೀನಿ.” ಕಲ್ಲಣ್ಣ ಸರದ ಮೇಲಿನಿಂದ ಕೈ ತೆಗೆಯಲಿಲ್ಲ. “ಖರೆ ಅದಕ್ಕೂ ಮದಲ ಒಂದ ಮಾತ ಕೇಳಬೇಕ್ರಿ ಸಾಹೇಬ್ರ. ಅವತ್ತ ಕೂಸಿಂದು ಯಾವ ಕೈ ಮುಟ್ಟಿಸಿದ್ರಿ?”

ಪಂಢರಿನಾಥ ಚೀಟಿಗಳ ಕಟ್ಟನ್ನು ಹಲಗೆಯ ಮೂಲೆಗೆ ಸರಿಸಿದ.

“ನಾ ಹೊಸ್ತಿಲದಾಗ ಇದ್ದೆ. ಕಣ್ಣಾಗ ನೀರ ತುಂಬಿತ್ತು, ಚಂದಾಗಿ ಕಾಣಲಿಲ್ಲ. ಬಸ್ಸಿನ್ಯಾಗ ಕೂತ ಮ್ಯಾಲ ನೆನಸಾಕ ಹತ್ತಿದೆ, ಕೂಸಿನ ಹೆಬ್ಬೆಟ್ಟ ಯಾ ಕಡೀಗಿತ್ತು ಅಂತ. ಅವತ್ತಿಂದ ಅದ ನೋಡ್ರಿ. ಉಣ್ಣಾಕ ಕೂತ್ರ ಅದ, ಮಲಗಿದ್ರ ಅದ. ನನ್ನ ಕೈ ನಾನ 'ಹಿಂಗೋ, ಹಿಂಗೋ' ಅಂತ ತಿರುವಿ ತಿರುವಿ ನೋಡತೀನಿ. ಕಲ್ಯಾಣಮ್ಮ ಹುಚ್ಚ ಹಿಡದೈತಿ ಅಂತಾಳ.” ಅವನು ಕಿಂಡಿಯೊಳಗೆ ತಲೆ ಹಾಕಿದ. “ಲಕ್ಷ್ಮವ್ವಾ, ನೀ ಹೇಳವಾ. ಯಾವ ಕೈಲೆ ಮುಟ್ಟಿದ್ದಿ ಅವತ್ತ?”

ನಿದ್ದೆಯಲ್ಲಿ ನಡೆದುದು ಮಗುವಿಗೆ ಹೇಗೆ ತಿಳಿಯಬೇಕು? ಗಾರ್ಗಿ ಅವನ ಮುಖವನ್ನೂ ತಂದೆಯ ಮುಖವನ್ನೂ ನೋಡಿದಳು. ಯಾವುದು ಬೇಕೋ ಅದನ್ನು ತೆಗೆದುಕೊಳ್ಳಲಿ ಎಂಬಂತೆ ಎರಡೂ ಅಂಗೈಯನ್ನು ಮುಂದೆ ಚಾಚಿದಳು. ಕಲ್ಲಣ್ಣ ಆ ಎರಡು ಅಂಗೈಗಳನ್ನು, ಒಂದಾದ ಮೇಲೊಂದರಂತೆ, ಬಹಳ ಹೊತ್ತು ನೋಡಿದ.

“ಎಡಗೈ ಆಗಿದ್ರ ಎಡಗೈ ಅಂದಬಿಡ್ರಿ ಸಾಹೇಬ್ರ,” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡುವವನ ಮೆದುತನವಿತ್ತು. “ನನಗ ನಿಮ್ಮ ಮ್ಯಾಲ ಎಳ್ಳಷ್ಟೂ ಸಿಟ್ಟ ಬರೂದಿಲ್ಲ. ಎಡಗೈ ಇತ್ತಂದ್ರ ತಪ್ಪ ಕೈದು, ನನ್ನ ದೈವದ್ದಲ್ಲ. ಇನ್ನೊಮ್ಮಿ ಬಲಗೈಲೆ ಆಡತೀನಿ. ಬಲಗೈನ ಇತ್ತಂದ್ರ… ನನ್ನ ಹಣ್ಯಾಗ ಬರದಿಲ್ಲ ಅಂತ ತಿಳಕೊಂಡು ಮನೀಗೆ ಹೋಗತೀನಿ. ಇನ್ನ ಈ ಊರಿಗೆ ಕಾಲ ಇಡೂದಿಲ್ಲ.”

ಪಂಢರಿನಾಥನ ನಾಲಗೆಯ ಮೇಲೆ ಆ ಒಂದು ಮಾತು ಸಿದ್ಧವಾಗಿತ್ತು. ನಿಜವಾದ ಮಾತು. ಅದನ್ನು ಆಡಿದರೆ ಮೂವತ್ತು ಚೀಟಿ ಹೋಗುತ್ತಿದ್ದವು, ಪರವಾನಿಗೆ ಉಳಿಯುತ್ತಿತ್ತು, ನಾಳೆ ಹಾಲಿನವನನ್ನು ಮತ್ತೆ ಕರೆಯಬಹುದಿತ್ತು. ಸುಳ್ಳಾಡಿದ ಪಾಪವೂ ಇಲ್ಲ. ಸತ್ಯವನ್ನು ನುಡಿದದ್ದಕ್ಕೆ ಇಷ್ಟು ನೇರವಾದ ಫಲ ಸಿಗುವುದನ್ನು ಅವನು ತನ್ನ ಬಾಳಿನಲ್ಲಿ ಕಂಡಿರಲಿಲ್ಲ. ಹಲಗೆಯ ಮೇಲಿನ ಬೋರಮಾಳದ ಗುಂಡುಗಳು ಕೊರಳ ಬೆವರಿಗೆ ಸವೆದು ಒಂದು ಕಡೆ ಮಸುಕಾಗಿದ್ದವು.

“ಇದ್ದದ್ದು ಇದ್ದಂಗ ಹೇಳಿಬಿಡ್ರಿ,” ಎಂದ ಸಾತಲಿಂಗಪ್ಪ.

“ಬಲಗೈ ಇತ್ತು, ಕಲ್ಲಣ್ಣಾ.”

ಕಲ್ಲಣ್ಣ ಅಲುಗಾಡಲಿಲ್ಲ. “ಕೂಸಿನ ತಲೀ ಮ್ಯಾಲ ಕೈ ಇಟ್ಟು ಹೇಳ್ರಿ.”

ಪಂಢರಿನಾಥನ ಮನೆಯಲ್ಲಿ ಆಣೆ ಎಂಬ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ. ನಿಜಕ್ಕೂ ಆಣೆ ಮಾಡಬಾರದು, ಆಣೆ ಬಯಸುವ ನಿಜ ಅರ್ಧ ಸುಳ್ಳು ಎನ್ನುತ್ತಿದ್ದರು ಅವನ ತಂದೆ. ಮಗುವಿನ ತಲೆ ಮುಟ್ಟಿ ಸುಳ್ಳಾಡಿದರೆ ಆ ಸುಳ್ಳು ಯಾರ ಮೇಲೆ ಇಳಿಯುವುದೆಂದು ಈ ಊರಿನ ಕುರುಡನಿಗೂ ಗೊತ್ತು. ಪಂಢರಿನಾಥ ಸ್ಟೂಲಿನಿಂದ ಎದ್ದ. ಟ್ರಂಕಿನ ಬಳಿ ಬಂದ. ಎಡಗೈ ಕಿಂಡಿಯ ಹಲಗೆಯನ್ನು ಹಿಡಿದಿತ್ತು; ಹಿಡಿದೇ ಇತ್ತು. ಅಂಗಿಯ ತೋಳನ್ನು ಮಡಿಸಿ ಪಿನ್ನು ಚುಚ್ಚಿದ್ದ ತನ್ನ ಮೋಟು ಬಲಗೈಯನ್ನೆತ್ತಿ ಅವನು ಮಗಳ ನೆತ್ತಿಯ ಮೇಲಿಟ್ಟ. ಪಿನ್ನು ತಣ್ಣಗೆ ತಗುಲಿ ಗಾರ್ಗಿ ಕಿಸಕ್ಕನೆ ನಕ್ಕಳು.

“ಬಲಗೈ,” ಎಂದ.

ಕಲ್ಲಣ್ಣ ಸರವನ್ನು ಅರಿವೆಯೊಳಗಿಟ್ಟು ಗಂಟು ಹಾಕಿದ. ಸಾಲದೆಂದು ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮಗುವಿನತ್ತ ತಿರುಗಿ ನೋಡದೆ ಬಸ್ಸಿನ ಕಡೆಗೆ ನಡೆದ. ಸಾತಲಿಂಗಪ್ಪ ಅವನು ಹೋದ ದಾರಿಯನ್ನು ನೋಡಿ, ತಾನು ಚೀಟಿಗೆಂದು ತೆಗೆದಿದ್ದ ನೋಟನ್ನು ಮಡಿಸಿ ಕಿಸೆಗಿಟ್ಟುಕೊಂಡ.

“ಹಂಗಾರ ಕೂಸಿನ ಬಲಗೈದೂ ಗುಣಾ ಹೋತು ಅನ್ರಿ,” ಎಂದ, ಸಾವಿನ ಮನೆಗೆ ಬಂದವನ ದನಿಯಲ್ಲಿ. “ಇರಲಿ ಬಿಡ್ರಿ ಸಾಹೇಬ್ರ. ಎಲ್ಲಾದಕ್ಕೂ ಒಂದ ಕಾಲ ಇರತೈತಿ.”

ಮುಂದಿನ ಗುರುವಾರ ಕಿಂಡಿಯ ಮುಂದೆ ಒಬ್ಬನೂ ನಿಲ್ಲಲಿಲ್ಲ. ಮೂವತ್ತು ಚೀಟಿಗಳು ರಬ್ಬರಿನ ಸಮೇತ ನಾಲ್ಕು ಗಂಟೆಯ ಬಸ್ಸಿನಲ್ಲಿ ಹಿಂದಕ್ಕೆ ಹೋದವು.

ಆಣೆಯ ಸುದ್ದಿ ಹೂಬತ್ತಿ ಕೊಳ್ಳುವ ಅಂಗಡಿಯವರಿಂದ ಗೋದೂಬಾಯಿಗೆ ತಿಳಿಯಿತು.

“ಆಣೀ ಮಾಡಿದೇನೋ?”

“ಮಾಡಿದೆ.”

“ಕೂಸಿನ ತಲೀ ಮ್ಯಾಲ?”

ಅವನು ಮಗಳ ಕಡೆಗೆ ನೋಡಿದ. ಗೋದೂಬಾಯಿ ಗೋಡೆ ಹಿಡಿದು ಎದ್ದು, ಒಳಗಿನಿಂದ ಒಂದು ಹಿಡಿ ಕಲ್ಲುಪ್ಪು ತಂದಳು. ಮೊಮ್ಮಗಳ ತಲೆಗೂ ಎರಡೂ ಕೈಗಳಿಗೂ ನಿವಾಳಿಸಿದಳು. ಆಮೇಲೆ ಅದೇ ಉಪ್ಪನ್ನು ಮಗನ ಮೋಟುಗೈಯ ಸುತ್ತಲೂ ಮೂರು ಸಲ ತಿರುವಿ ಒಲೆಗೆ ಹಾಕಿದಳು. ಅಂದಿನಿಂದ ಗಾರ್ಗಿ ಒಮ್ಮೆ ಕೆಮ್ಮಿದರೆ ಸಾಕು, ಪಂಢರಿನಾಥ ಎಲ್ಲಿದ್ದರೂ ಬಂದು ಅವಳ ಹಣೆ ಮುಟ್ಟಿ ನೋಡುತ್ತಿದ್ದ. ನೋಡಿದ ಮೇಲೂ ನಂಬದೆ ಮತ್ತೊಮ್ಮೆ ಮುಟ್ಟುತ್ತಿದ್ದ.

ಮಾರ್ಚ್ ಮೂವತ್ತೊಂದರಂದು ಬೀಗದಕೈ ತೆಗೆದುಕೊಳ್ಳಲು ಬಂದವನು ಸರದಿಯಲ್ಲಿ ಕಾದಿದ್ದ, ಒಂದು ಕಾಲಿಲ್ಲದ ಫೌಜಿನ ನಾಯಕ್. ಊರುಗೋಲು ಬಗಲಲ್ಲಿ ಸಿಕ್ಕಿಸಿಕೊಂಡು, ಪಂಢರಿನಾಥ ಎಡಗೈಯಿಂದ ಚಾಚಿದ ಬೀಗದಕೈಯನ್ನು ಯಾವ ಅನುಮಾನವೂ ಇಲ್ಲದೆ ಇಸಿದುಕೊಂಡ. “ಗಿರಾಕಿ ಬರತಾವೇನ್ರಿ ಹವಾಲ್ದಾರ ಸಾಹೇಬ್ರ, ಇಲ್ಲಿ?” ಎಂದು ಕೇಳಿದ. “ಬರತಾವ,” ಎಂದ ಪಂಢರಿನಾಥ. ಕರಿಯ ಟ್ರಂಕನ್ನು ಕೈಗಾಡಿಯವನೊಬ್ಬ ಮನೆಗೆ ತಂದು ಹಾಕಿದ.

ಅದಾಗಿ ಒಂದು ವಾರಕ್ಕೆ ಶ್ರೀಲೇಖಾಳ ಬಾಲವಾಡಿಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಮಾನಧನವಲ್ಲ, ಅದರ ಮಾತು ಯಾರೂ ಎತ್ತಲಿಲ್ಲ. ಪೆಟ್ಟಿಗೆಯ ಮೇಲೆ ಚೀಟಿಗಳ ಬೆನ್ನ ಮೇಲಿದ್ದ ಅದೇ ಮರಾಠಿ ವಾಕ್ಯ, ದೊಡ್ಡ ಅಕ್ಷರಗಳಲ್ಲಿ. ಒಳಗೆ ಬಣ್ಣ ಹಚ್ಚಿದ ಕಟ್ಟಿಗೆಯ ಮಣಿಗಳು. ಆ ದಿನ ಗಾರ್ಗಿಯನ್ನು ಮೊದಲ ಸಲ ಬಾಲವಾಡಿಗೆ ಕರೆದುಕೊಂಡು ಬಂದವನು ಪಂಢರಿನಾಥನೇ. ಮಾರುತಿ ಗುಡಿಯ ಪಡಸಾಲೆಯಲ್ಲಿ ಹದಿನೆಂಟು ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದವು. ಶ್ರೀಲೇಖಾ ಮಣಿಗಳನ್ನು ಬುಟ್ಟಿಗೆ ಸುರುವಿ, ಸಾಲಿನ ಈ ತುದಿಯಿಂದ ಹೊರಟಳು. ಮಕ್ಕಳು ಕಿತ್ತಾಡುತ್ತ, ನಗುತ್ತ, ಒಂದನ್ನು ಹಿಡಿದು ಬಿಟ್ಟು ಇನ್ನೊಂದನ್ನು ಹಿಡಿಯುತ್ತ ತಮಗೆ ಬೇಕಾದದ್ದನ್ನು ತೆಗೆದುಕೊಂಡವು.

ಬುಟ್ಟಿ ಗಾರ್ಗಿಯ ಮುಂದೆ ಬಂದು ನಿಂತಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ತಗೋ ಬಾಳಾ,” ಎಂದಳು ತಾಯಿ. “ನಿನಗ ಯಾವುದು ಬೇಕು, ಅದು.”

ಗಾರ್ಗಿ ಬುಟ್ಟಿಯನ್ನು ನೋಡಿದಳು; ಕೈ ಮುಂದೆ ತರಲಿಲ್ಲ. ಬಾಗಿಲಲ್ಲಿ ನಿಂತ ತಂದೆಯ ಕಡೆಗೆ ತಿರುಗಿದಳು.

“ಬಾಬಾ,” ಎಂದು ಕೇಳಿದಳು, “ಯಾರ ಸಲುವಾಗಿ ತೆಗೀಲಿ?”

ಶ್ರೀಲೇಖಾಳ ಕೈಯಲ್ಲಿ ಬುಟ್ಟಿ ಹಾಗೆಯೇ ನಿಂತಿತು. ಪಂಢರಿನಾಥ ಒಳಗೆ ಬಂದು, ಮಗಳ ಮುಂದೆ ಮಂಡಿಯೂರಿ ಕುಳಿತು, ಬುಟ್ಟಿಯಿಂದ ಒಂದು ಕೆಂಪು ಮಣಿಯನ್ನು ತೆಗೆದ. ತೆರೆದ ಎಡ ಅಂಗೈಯ ಮೇಲೆ ಅದನ್ನಿಟ್ಟು ಚಾಚಿದ. ಸಾಲಿನ ಆ ತುದಿಯಲ್ಲಿ ಯಾವುದೋ ಮಗು ತನ್ನ ಮಣಿಯನ್ನು ನೆಲದ ಮೇಲೆ ಉರುಳಿಸಿ ನಗುತ್ತಿತ್ತು. ಗಾರ್ಗಿ ಆ ಅಂಗೈಯನ್ನೇ ನೋಡುತ್ತಿದ್ದಳು, ಎರಡೂ ಕೈ ಇನ್ನೂ ಬೆನ್ನ ಹಿಂದೆ.